ಏಪ್ರಿಕಾಟ್ ತಿಂದ ಸೈನಿಕ

ಅಕ್ಟೋಬರ್ 2, ಭಾನುವಾರ
ಚರ್ಚಿನಿಂದ ಬಂದು ಪಾತ್ರೆ ತೊಳೆಯುತ್ತಿದ್ದೆ. ಜಾರ್ಜಿಯಾದಿಂದ ರೂಬೆನ್ ಫೋನು.
"ಅಮ್ಮಾ, ನಾನು ಸಾಯ್ತೀನಿ!"
ಸೋಪಿನ ಕೈಯಲ್ಲೇ ಕುರ್ಚಿ ಹುಡುಕಿದೆ.
"ಸಿನಿಮಾದಲ್ಲಮ್ಮಾ! ವಿಯೆಟ್ನಾಂ ಯುದ್ಧದ್ದು. ನಾಲ್ಕು ಮಾತಿದೆ. ಆಮೇಲೆ ಮಿಲಿಟರಿ ಗಾಡಿ ಸಮೇತ ಢಂ!"
ಮಗ ಸಾಯುವ ಸುದ್ದಿಗೆ ಕುಣಿದ ತಾಯಿ ಇಡೀ ಅಯೋವಾದಲ್ಲಿ ನಾನೊಬ್ಬಳೇ ಇರಬೇಕು.
"ತಾತನ್ನ ಕರ್ಕೊಂಡು ಬರ್ಬೇಕು, ಆಯ್ತಾ? ಅವನಿಗೋಸ್ಕರಾನೇ ಒಪ್ಕೊಂಡಿದ್ದು."
ಅದೇ ಕಷ್ಟ. ಅಪ್ಪ ಹತ್ತೊಂಬತ್ತನೇ ವಯಸ್ಸಿಗೇ ವಿಯೆಟ್ನಾಂ ಯುದ್ಧಕ್ಕೆ ಹೋದವರು. ಟೀವಿಯಲ್ಲಿ ಗುಂಡಿನ ಸದ್ದಾದರೆ ಎದ್ದು ನಾಯಿಗೆ ಊಟ ಹಾಕಲು ಹೋಗುತ್ತಾರೆ. ನಾಯಿ ತುಂಬಾ ದಪ್ಪಗಾಗಿದೆ.

ಅಕ್ಟೋಬರ್ 9
ಪಕ್ಕದ ಮನೆಯ ಬರ್ನಿಸ್ ಏಪ್ರಿಕಾಟ್ ಪೈ ತಂದಳು. ಅಪ್ಪ ಅದನ್ನೆತ್ತಿ ವರಾಂಡದಲ್ಲಿಟ್ಟು ಬಂದರು. ನನ್ನ ಬಾಲ್ಯದಿಂದಲೂ ಹೀಗೇ... ಆ ಹಣ್ಣು ಒಳಗೆ ಬರುವಂತಿಲ್ಲ.
"ನನ್ನ ಕೈರುಚಿ ಹಿಡಿಸಲ್ಲ ಅನ್ನು, ನಿಮ್ಮಪ್ಪಂಗೆ."
"ಹುಳಿ ಆಗಲ್ಲ ಅವರಿಗೆ," ಎಂದೆ. ನಾನು ನಂಬಿದ್ದೂ ಅದನ್ನೇ.

ನವೆಂಬರ್ 9
ಆ ಫೋನು ಬಂದು ವರ್ಷವೇ ಉರುಳಿತು. ನಾಡಿದ್ದು ನಮ್ಮೂರಿನ ಟಾಕೀಸಿಗೆ ಸಿನಿಮಾ. ರೂಬೆನ್ ಬಂದಿದ್ದಾನೆ. ಶೂಟಿಂಗ್ ನೆನಪಿಗೆಂದು ತಾತನಿಗೊಂದು ಡಬ್ಬಿ — ಏಪ್ರಿಕಾಟ್! ಡಬ್ಬಿಯೂ ವರಾಂಡಕ್ಕೆ ಹೋಯಿತು.
"ಸಿನಿಮಾ ಎಲ್ಲ ಆಗಲ್ಲ ಕಣೋ. ಮಂಡಿ ನೋವು."
"ನಿನ್ನೆ ಏಣಿ ಹತ್ತಿದ್ಯಲ್ಲ ತಾತ?"
"ಹತ್ತಿದ್ದಕ್ಕೇ ನೋವು."
ಪದ್ಯದ ಪುಸ್ತಕ ತೆರೆದೆ. ಒಂದೇ ಸಾಲನ್ನು ಮತ್ತೆ ಮತ್ತೆ ಓದಿದೆ, ತಲೆಗೆ ಹೋಗಲಿಲ್ಲ. ಮಗನ ಮುಖ ಬಾಡಿತ್ತು.

ನವೆಂಬರ್ 11
ಹೊರಟು ನೋಡಿದರೆ ಅಪ್ಪ ಆಗಲೇ ಕಾರಿನಲ್ಲಿ! ಮಾಜಿ ಸೈನಿಕರ ಟೋಪಿ ಹಾಕಿ, ಬೆಲ್ಟ್ ಬಿಗಿದು. ಮಾತಾಡಿಸಿದರೆ ಹಾರಿಹೋಗುವ ಹಕ್ಕಿಯೆಂಬಂತೆ ಇಬ್ಬರೂ ಮೆಲ್ಲನೆ ಬಾಗಿಲು ತೆರೆದು ಹತ್ತಿದೆವು.
ತೆರೆಯ ಮೇಲೆ ಕೆಸರು, ಹೊಗೆ, ಮಕ್ಕಳ ಮುಖದ ಸೈನಿಕರು. ಅಪ್ಪ ಕದಲಲಿಲ್ಲ. ದಾಳಿಗೆ ಮುಂಚಿನ ಬೆಳಗ್ಗೆ. ರೂಬೆನ್ ಗಾಡಿಯಲ್ಲಿ ಕೂತು ಡಬ್ಬಿಯಿಂದ ಏಪ್ರಿಕಾಟ್ ತೆಗೆದು ಬಾಯಿಗಿಟ್ಟ.
"ಅಯ್ಯೋ ಪೆದ್ದೇ, ತಿನ್ಬೇಡವೋ ಅದನ್ನ!"
ಅಪ್ಪ! ಇಡೀ ಟಾಕೀಸು ತಿರುಗಿತು. ಹಿಂದಿನ ಸಾಲಿನಲ್ಲಿ ಇಬ್ಬರು ಮುದುಕರು ಬಿದ್ದು ಬಿದ್ದು ನಕ್ಕರು. ಅಪ್ಪನದಂಥದೇ ಟೋಪಿಯವರು.
"ಮುಗೀತು ಅವನ ಕತೆ!" ಅಂದನೊಬ್ಬ.
ಗಾಡಿ ಸಿಡಿದಾಗ ಅಪ್ಪ ಪಕ್ಕದಲ್ಲಿದ್ದ ಮೊಮ್ಮಗನ ತೋಳು ಹಿಡಿದರು. ಕೊನೆಯವರೆಗೂ ಬಿಡಲಿಲ್ಲ.
ವಾಪಸು ಬರುವಾಗ ತಾವಾಗಿಯೇ ಹೇಳಿದರು. "ಅದನ್ನ ತಿಂದ್ರೆ ಗಾಡಿ ಉಳಿಯಲ್ಲ ಅಂತಿದ್ವಿ. ಆ ಹಣ್ಣನ್ನ ಗಾಡಿಗೆ ಹತ್ತಿಸ್ತಾನೇ ಇರ್ಲಿಲ್ಲ. ಆರ್ಲೋ ಅಂತಿದ್ದ, ನನ್ನ ಗೆಳೆಯ. ನಂಬ್ಲಿಲ್ಲ. ನಗ್ತಾ ನಗ್ತಾ ತಿಂದ. ಅವನ ಗಾಡಿ ವಾಪಸ್ ಬರ್ಲಿಲ್ಲ."
ಆ ಹೆಸರು ನಾನು ಕೇಳಿದ್ದು ಇದೇ ಮೊದಲು.
"ತಾತ, ಶೂಟಿಂಗಲ್ಲಿ ಯಾವ ಹಣ್ಣಾದ್ರೂ ತಗೋ ಅಂದ್ರು," ರೂಬೆನ್ ತೊದಲಿದ. "ಬಣ್ಣ ಚೆನ್ನಾಗಿತ್ತು ಅಂತ..."
"ಮತ್ತೆ ಸಾಯ್ದೆ ಇರ್ತೀಯಾ?"
ನಕ್ಕೂ ನಕ್ಕೂ ಕಾರು ನಿಲ್ಲಿಸಬೇಕಾಯಿತು. ಅಪ್ಪ ಕಣ್ಣೊರೆಸಿಕೊಂಡರು.

ನವೆಂಬರ್ 12, ಬೆಳಿಗ್ಗೆ
ವರಾಂಡದಲ್ಲಿ ಡಬ್ಬಿಯಿಲ್ಲ. ಅಡುಗೆಮನೆಯಲ್ಲಿ ತಾತ-ಮೊಮ್ಮಗನ ನಗು. "ಆರ್ಲೋ ಹಾಡೋಕೆ ಶುರು ಮಾಡಿದ್ರೆ..." ಅಪ್ಪನ ದನಿ. ಈಗ ನನ್ನನ್ನೇ ಕೂಗುತ್ತಿದ್ದಾರೆ.
"ಲೊರ್ನಾ! ಚಮಚ ತಗೊಂಡು ಬಾರೇ. ನಾಲ್ಕು!"
ಇರುವುದು ನಾವು ಮೂವರು. ನಾಲ್ಕನೆಯದು ಆರ್ಲೋಗೆ.