ಬೇಲ್ ಬಿಚ್ಚದೆ ಗ್ರೇಡ್

ಮೈಸೂರಿನ ಆಸ್ಪತ್ರೆ

ಕಟ್ಟೆಮಳಲವಾಡಿಯ ಮಾವನವರಿಗೆ ನಮಸ್ಕಾರ.

ನನಗೆ ಶ್ವಾಸಕೋಶದ ಕ್ಯಾನ್ಸರ್ ಎಂದೊಡನೆ ನೀವೆಲ್ಲ ಕೊನೇ ಸ್ಟೇಜ್ ಎಂದೇ ತೀರ್ಮಾನಿಸಿದಿರಿ. ನಿಮ್ಮ ಮಗಳು ರೇಣುಕಾ ಮಾತ್ರ, "ಬೇಲ್ ಪಿಂಡಿ ಬಿಚ್ಚದೆ ಹೊಗೆಸೊಪ್ಪಿಗೆ ಯಾರಾದ್ರೂ ಗ್ರೇಡ್ ಹಾಕ್ತಾರಾ? ಸ್ಕ್ಯಾನ್ ಆಗ್ಲಿ ಬುಡಿ" ಎಂದಳು.

ನಿನ್ನೆ ಸ್ಕ್ಯಾನ್ ಆದ ಮೇಲೆ ಡಾಕ್ಟರನ್ನು ಅವಳೇ ಕೇಳಿದಳು: "ಗಂಟು ಎಷ್ಟು ದಪ್ಪ? ಪಕ್ಕದ ಗ್ರಂಥಿಗೆ ಹತ್ತಿದ್ಯಾ? ಬೇರೆ ಕಡೆ ಹೋಗಿದ್ಯಾ?" ಪಕ್ಕದ ಒಂದು ಗ್ರಂಥಿಗಷ್ಟೇ ಹತ್ತಿದೆಯಂತೆ. ಎರಡನೇ ಸ್ಟೇಜ್, ಆಪರೇಷನ್ ಮಾಡಬಹುದಂತೆ.

"ಏನು ಓದಿದ್ದೀರಮ್ಮ?" ಎಂದರು ಡಾಕ್ಟರ್.

"ಹೊಗೆಸೊಪ್ಪು ವಿಂಗಡಿಸ್ತೀನಿ ಸಾರ್" ಎಂದಳು. ನನ್ನ ಎದೆ ಉಬ್ಬಿತು; ಕೆಮ್ಮೂ ಬಂತು.

ನನ್ನನ್ನು ಕೊನೇ ಸಲ ನೋಡಲೆಂದು ನೀವು ಕರೆಸಿರುವ ನೆಂಟರನ್ನು ಇಲ್ಲಿಗೆ ಕಳಿಸಬೇಡಿ. ನಮ್ಮ ಹೊಲದಲ್ಲಿ ಸೊಪ್ಪು ಮಾಗಿದೆ, ಅವರನ್ನು ಕೀಳಲು ಇಳಿಸಿ.

ನಿಮ್ಮ ಅಳಿಯ,
ಧರ್ಮೇಂದ್ರ