ಎರಡನೆಯ ಸಾಲಿನಲ್ಲಿದ್ದ ಹೆಸರು

ಮುಚ್ಚಿಗೆಯೂರು, ತುಂಗಭದ್ರೆಯ ಒಣದಂಡೆ
ಎರಡನೆಯ ಬೇಸಿಗೆ, ಹದಿಮೂರನೆಯ ತಿಂಗಳು

ಕೆರೆ ಏರಿಯ ಗುಡಿಯ ಜೀರ್ಣೋದ್ಧಾರ ಸಮಿತಿಯ ಹಿರಿಯರಿಗೆ,

ನೀವು ತೀರಿಹೋಗಿ ಇನ್ನೂರು ವರ್ಷಗಳಾದ ಮೇಲೆ ಇದನ್ನು ಬರೆಯುತ್ತಿದ್ದೇನೆ. ತಾರೀಖು ನಿಮಗೆ ವಿಚಿತ್ರವಾಗಿ ಕಂಡೀತು. ನೀವು ಬಿಟ್ಟುಹೋದ ಬೇಸಿಗೆ ಹನ್ನೆರಡು ತಿಂಗಳಲ್ಲಿ ಹಿಡಿಸಲಿಲ್ಲ. ನನ್ನ ಕೆಲವು ಮಾತುಗಳೂ ಅಪರಿಚಿತವೆನಿಸಬಹುದು, ಅದಕ್ಕೆ ಕ್ಷಮೆ ಇರಲಿ. ಬೇರೆ ಯಾವುದಕ್ಕೂ ನಾನು ಕ್ಷಮೆ ಕೇಳುತ್ತಿಲ್ಲ.

ಮುಚ್ಚಿಗೆಯೂರು ಎಂದರೆ ಊರಿಗೆ ಊರೇ ಒಂದು ಚಾವಣಿಯ ಕೆಳಗಿರುವುದು. ಇಲ್ಲಿಂದ ಹೊರಗೆ ಹೋಗಿಬರಲು ಒಬ್ಬೊಬ್ಬರಿಗೆ ಬದುಕಿನಲ್ಲಿ ಒಂದೇ ಸಲ ಅವಕಾಶ. ಅದಕ್ಕೆ ದಾರಿಪಾಲು ಎನ್ನುತ್ತೇವೆ. ಹೆಚ್ಚಿನವರು ಸಮುದ್ರ ನೋಡಿ ಬಂದು, ಉಳಿದ ಆಯುಷ್ಯವೆಲ್ಲ ಅದನ್ನೇ ಹೇಳಿ ಮನೆಯವರ ತಲೆ ತಿನ್ನುತ್ತಾರೆ. ನೀವೋ ರಜೆ ಸಿಕ್ಕಾಗಲೆಲ್ಲ ಊರೂರು ತಿರುಗಿದವರು. ನಿಮ್ಮ ಫೋಟೋಗಳನ್ನು ನೋಡಿದ್ದೇನೆ: ಕೋಟೆ, ಗುಡಿ, ಜಲಪಾತ ಎಲ್ಲಕ್ಕೂ ಬೆನ್ನು ಮಾಡಿ ನಿಂತು ನಗುತ್ತಿದ್ದೀರಿ.

ನಮ್ಮ ದೊಡ್ಡವ್ವ ಸಮುದ್ರ ಬೇಡವೆಂದಳು. ಆಗಷ್ಟೇ ಅವಳಿಗೆ ಮೊಮ್ಮಗಳು ಹುಟ್ಟಿದ್ದಳು. ಚೊಚ್ಚಲ ಹೆಣ್ಣುಕೂಸಿಗೆ ವಂಶದ ಅತಿ ಹಿರಿಯಳ ಹೆಸರಿಡುವುದು ನಮ್ಮ ಮನೆಯ ಪದ್ಧತಿ. ನಿಮ್ಮೂರ ಕೆರೆ ಕಟ್ಟಿಸಿದವಳೇ ನಮ್ಮ ಮೂಲ ತಾಯಿ, ಮೈಮೇಲಿನ ಒಡವೆ ಮಾರಿ ಕಟ್ಟಿಸಿದಳು ಎಂದು ಎಲ್ಲ ಮುದುಕಿಯರೂ ಹೇಳಿದ್ದರು. ಹೆಸರನ್ನು ಮಾತ್ರ ಒಬ್ಬರೂ ಹೇಳಲಿಲ್ಲ. ಅತ್ತೆಯ ಹೆಸರನ್ನು ಸೊಸೆ ಬಾಯಿಬಿಟ್ಟು ಹೇಳಬಾರದಲ್ಲ! ಹೀಗೆ ಮರ್ಯಾದೆ ಕೊಟ್ಟು ಕೊಟ್ಟು ಆ ಹೆಸರನ್ನೇ ಕಳೆದುಕೊಂಡೆವು. ಉಳಿದಿದ್ದು, ಅದು ಏರಿಯ ಮೇಲಿನ ಶಾಸನದ ಕಲ್ಲಿನಲ್ಲಿ, ಎರಡನೆಯ ಸಾಲಿನಲ್ಲಿದೆ ಎಂಬುದೊಂದೇ ಮಾತು. ತಾನು ಆ ಹೆಸರು ತರುವವರೆಗೆ ತೊಟ್ಟಿಲಿನ ಶಾಸ್ತ್ರ ಬೇಡ ಎಂದು ಹೇಳಿ ದೊಡ್ಡವ್ವ ಹೊರಟಳು. ಅವಳಿಗೆ ಕಣ್ಣು ಮಂಜಾಗಿತ್ತು, ಓದಿ ಹೇಳಲು ನಾನು ನನ್ನ ದಾರಿಪಾಲನ್ನೂ ಅದಕ್ಕೇ ಸುರಿದೆ. ಸಮುದ್ರದ ಆಸೆ ನನಗಿತ್ತು, ಸುಳ್ಳೇಕೆ ಹೇಳಲಿ.

ಬಿಸಿಲುಬಂಡಿ ಬಿಸಿಲಿದ್ದರೆ ಓಡುತ್ತದೆ, ಮೋಡ ಕವಿದರೆ ಕೆಟ್ಟ ಎತ್ತಿನ ಹಾಗೆ ನಿಂತುಬಿಡುತ್ತದೆ. ಜೊತೆಗಿದ್ದವರೆಲ್ಲ ಮೋಡಕ್ಕೆ ಹಿಡಿಶಾಪ ಹಾಕಿದರು. ಅದೇ ಮೋಡಕ್ಕಾಗಿ ನಿಮ್ಮ ಜನ ಕಪ್ಪೆಗಳಿಗೆ ಮದುವೆ ಮಾಡಿಸುತ್ತಿದ್ದರು ಎಂದು ದೊಡ್ಡವ್ವ ಹೇಳಿದಾಗ ಯಾರೂ ನಂಬಲಿಲ್ಲ.

ಕೆರೆ ಇರಲಿಲ್ಲ. ಗುಡಿ ಇತ್ತು. ಒಳಗೆ ನಿಮ್ಮ ಟ್ಯೂಬ್‌ಲೈಟ್ ಕೂಡ ಇತ್ತು, ಬೆಳಕು ಹೊರಗೆ ಬರಲು ಜಾಗವಿಲ್ಲದಂತೆ ದಾನಿಯ ಹೆಸರು ಬರೆದದ್ದು. ಕಲ್ಲೂ ಇತ್ತು. ದೊಡ್ಡವ್ವ ಅದರ ಮೇಲೆ ಬೆರಳಾಡಿಸಿ, ಎಷ್ಟು ನುಣುಪಾಗಿದೆ ಎಂದು ಮೊದಲು ಖುಷಿಪಟ್ಟಳು. ನೀವು ಹಳೆಯ ಅಕ್ಷರಗಳನ್ನು ಯಂತ್ರದಿಂದ ಉಜ್ಜಿ ತೆಗೆದು, ಪಾಲಿಶ್ ಮಾಡಿಸಿ, ಹೊಸದಾಗಿ ಕೆತ್ತಿಸಿದ್ದಿರಿ. ನಾನು ಗಟ್ಟಿಯಾಗಿ ಓದಿದೆ. ಶ್ರೀ ಕೊಟ್ರಬಸಪ್ಪ ಮತ್ತು ಧರ್ಮಪತ್ನಿ. ಶ್ರೀ ಹಾಲಪ್ಪ ಮತ್ತು ಧರ್ಮಪತ್ನಿ. ಶ್ರೀ ಸಣ್ಣವೀರಪ್ಪ ಮತ್ತು ಕುಟುಂಬ ವರ್ಗ. ಕೆಳಗಿನ ತುದಿಯವರೆಗೂ ಹೀಗೆಯೇ.

ದೊಡ್ಡವ್ವ ಅಳಲಿಲ್ಲ. "ನಮ್ಮವ್ವನ ಹೆಸರು ಹೋತು, ಹೋಗ್ಲಿ," ಎಂದಳು. "ಇವ್ರ ಹೆಂಡ್ರಿಗೂ ಹೆಸರಿರಲಿಲ್ಲೇನಬೇ?"

ನಿಮ್ಮ ಮೇಲೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ನೀವು ಕೆಟ್ಟವರಾಗಿದ್ದರೆ ಅದು ಎಂದೋ ಇಳಿಯುತ್ತಿತ್ತು. ಆದರೆ ನೀವು ಭಕ್ತಿಯಿಂದ, ಕಾಯಿ ಒಡೆದು, ಮಂಗಳಾರತಿ ಎತ್ತಿ ಈ ಕೆಲಸ ಮಾಡಿದ್ದೀರಿ.

ಕಲ್ಲು ಉಜ್ಜುವ ಯಂತ್ರ ಇನ್ನೂ ಬಂದಿಲ್ಲದ ದಿನ ಈ ಪತ್ರ ನಿಮ್ಮ ಕೈ ಸೇರಿದರೆ, ಆ ಕಲ್ಲನ್ನು ಅದರ ಪಾಡಿಗೆ ಬಿಡಿ. ಬಂದು ಹೋಗಿದ್ದರೆ, ಇಂದು ಮನೆಗೆ ಹೋದವರೇ ನಿಮ್ಮ ಅವ್ವನ, ಅವಳ ಅವ್ವನ ಹೆಸರು ಕೇಳಿ, ಇದ್ದಿಲಿನಿಂದಲಾದರೂ ಗೋಡೆಯ ಮೇಲೆ ಬರೆಯಿರಿ. ಪಾಲಿಶ್ ಬೇಡ.

ಆ ಕೂಸಿಗೆ ಈಗ ಏಳು ವರ್ಷ. ಬೇರೆ ಹೆಸರಿಡಲು ದೊಡ್ಡವ್ವ ಒಪ್ಪುವುದಿಲ್ಲ, ನಾವು ಕೂಸೇ ಎಂದೇ ಕರೆಯುತ್ತೇವೆ. ಹೊರಗಿನವರು ಯಾರಾದರೂ ನಿನ್ನ ಹೆಸರೇನು ಎಂದು ಕೇಳಿದರೆ, ಅದು ಸುಮ್ಮನೆ ದೊಡ್ಡವ್ವನ ಮುಖ ನೋಡುತ್ತದೆ.

ಇಂತಿ,
ಹಂಪವ್ವ
(ಯಾರ ಧರ್ಮಪತ್ನಿ ಎಂಬುದು ನಿಮಗೆ ಬೇಡ)