ಮೂರನೆಯ ಸಾಲಿನಲ್ಲಿ ತೋಚಾ

ತ್ಸುಬಾಮೆ
19 ಅಕ್ಟೋಬರ್ 2025, ಭಾನುವಾರ

ಪ್ರೀತಿಯ ಸಾನಾಯೆ,

ನೀನು ಕಳಿಸಿದ ಖಾರದ ಮೀನುಮೊಟ್ಟೆಯ ಡಬ್ಬಿ ಸೆಪ್ಟೆಂಬರ್ ಮೊದಲ ವಾರವೇ ಬಂತು. ತಿಂದು ಮುಗಿಸಿ, ಡಬ್ಬಿ ತೊಳೆದು, ಅದರಲ್ಲಿ ಗುಂಡಿಗಳನ್ನು ಹಾಕಿಟ್ಟಿದ್ದೂ ಆಯಿತು. ತಲುಪಿತು ಎಂದು ಒಂದು ಸಾಲು ಬರೆಯಲು ಮಾತ್ರ ನಿನ್ನ ತಾಯಿಗೆ ಆರು ವಾರ ಬೇಕಾಯಿತು. ಕ್ಷಮಿಸು. ಫೋನ್ ಮಾಡಬಹುದಿತ್ತಲ್ಲ ಅನ್ನುತ್ತೀಯ. ಫೋನಿನಲ್ಲಿ ನೀನು "ಹೂಂ, ಆಮೇಲೆ?" ಎಂದು ಅವಸರ ಮಾಡುತ್ತೀಯ. ನಾನು ಹೇಳಬೇಕಾದ್ದನ್ನು ಬಿಟ್ಟು ಹವಾಮಾನ ಹೇಳಿ ಇಟ್ಟುಬಿಡುತ್ತೇನೆ.

ಆ ಹವಾಮಾನವನ್ನೂ ಮೊದಲೇ ಹೇಳಿ ಮುಗಿಸುತ್ತೇನೆ, ಪತ್ರವೆಂದರೆ ಋತುವಿನಿಂದಲೇ ಶುರುವಾಗಬೇಕಲ್ಲ. ಈ ವರ್ಷ ಗಬ್ಬುಹುಳುಗಳ ಕಾಟ ವಿಪರೀತ. ಒಣಹಾಕಿದ ಕಾಲುಚೀಲದೊಳಗೂ ಸೇರಿಕೊಂಡಿರುತ್ತವೆ. ಹಾಗಾದರೆ ಹಿಮ ಜಾಸ್ತಿ ಬೀಳುತ್ತದೆ ಎಂದು ಊರೆಲ್ಲ ಸಲಿಕೆಗಳನ್ನು ಹೊರಗೆ ತೆಗೆದಿದೆ. ನನ್ನ ಮಂಡಿಗಳಿಗೆ ಈ ಸುದ್ದಿ ಹುಳುಗಳಿಗಿಂತ ಮೊದಲೇ ಗೊತ್ತಾಗಿತ್ತು. ಚಮಚ ಪ್ಯಾಕ್ ಮಾಡುವ ಕೆಲಸಕ್ಕೆ ಈಗಲೂ ವಾರಕ್ಕೆ ನಾಲ್ಕು ದಿನ ಹೋಗುತ್ತೇನೆ. "ಎಪ್ಪತ್ತಾಯ್ತು, ಕೂತ್ಕೊಂಡು ಮಾಡಿ ಕಿನುಯೊ ಅವ್ರೇ" ಎಂದು ಸ್ಟೂಲ್ ಕೊಟ್ಟಿದ್ದಾರೆ. ಕೂತರೆ ಏಳುವುದು ಯಾರು? ನಿಂತೇ ಮಾಡುತ್ತೇನೆ. ಮನೆಗೆ ಬಂದ ಮೇಲೆ ಅರ್ಧ ಗಂಟೆ ಯಾರ ಜೊತೆಗೂ ಮಾತಾಡುವುದಿಲ್ಲ ಎಂದು ಮೊಮ್ಮಗಳು ಕೊಹಾರುಗೆ ಹೇಳಿಟ್ಟಿದ್ದೇನೆ. ಆ ಅರ್ಧ ಗಂಟೆ ಅವಳು ನನ್ನ ಎದುರಿಗೇ ಕೂತು ಗಡಿಯಾರ ನೋಡುತ್ತಾಳೆ.

ಸುದ್ದಿ ಏನೆಂದರೆ, ಯಾಕಂಬೊ ಮತ್ತೆ ಬರುತ್ತಿದ್ದಾನೆ.

ಫುಕುವೋಕಾದಲ್ಲೂ ಜಾಹೀರಾತು ಬರುತ್ತಿರಬೇಕು, ನೀನು ನೋಡಿರುತ್ತೀಯ. ಕೈಕಾಲು ಬಂದ ಅದೇ ಕೆಟಲಿ ಮರಿ, ಹಾರುವಾಗ ಅದೇ "ಪೀ" ಎಂಬ ಸಿಳ್ಳೆ. ನೀನು ಕಾಲೇಜು ಸೇರಿದ ವರ್ಷ ಅವನ ಮೂರನೆಯ ವಿಡಿಯೊ ಆಟ ಬಂದದ್ದು, ಆಮೇಲೆ ಇಪ್ಪತ್ತು ವರ್ಷದ ಮೇಲಾಯಿತು, ಇಲ್ಲವೇ ಇಲ್ಲ. ಕೆಟಲಿ ಆರಿಹೋಯಿತು ಎಂದೇ ನಾನು ತಿಳಿದಿದ್ದೆ. ನವೆಂಬರ್ ಆರು, ಗುರುವಾರ ಬಿಡುಗಡೆಯಂತೆ. ನಿನ್ನ ತಮ್ಮ ಹಿಸಾಶಿ ಅವತ್ತಿಗೆ ರಜೆ ಬರೆದುಕೊಟ್ಟು ಬಂದಿದ್ದಾನೆ. ಮೂವತ್ತೊಂಬತ್ತು ವರ್ಷದ ಗಂಡಸು! ಕಾರಣದ ಜಾಗದಲ್ಲಿ "ಮನೆಯ ಕಾರ್ಯ" ಎಂದು ಬರೆದನಂತೆ. ಸೊಸೆ ನೋಜೊಮಿ ನಗುತ್ತಾ ಹೇಳಿದಳು, "ಅತ್ತೆ, ನಮ್ ಮದುವೆಗೂ ಇವ್ರು ಇಷ್ಟ್ ಮುಂಚೆ ರಜೆ ಕೇಳಿರ್ಲಿಲ್ಲ."

ಅಡುಗೆಮನೆಯ ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಅಂಟುಚಿತ್ರ ಹಚ್ಚುವ ಅಧಿಕಾರ ಕೊಹಾರುವಿನದು. ಆರು ವರ್ಷದವಳಿಗೆ ಹದಿನೆಂಟು ದಿನ ಅಂದರೆ ಒಂದು ಜನ್ಮ. ಒಂದು ದಿನ ನಾಲ್ಕು ಚಿತ್ರ ಒಟ್ಟಿಗೆ ಹಚ್ಚಿ, "ಅಪ್ಪಾ, ಬೇಗ ಬಂದ್ಬಿಡ್ತು ನೋಡು" ಅಂದಳು. ಹಿಸಾಶಿ ಬಯ್ಯಲಿಲ್ಲ, ಕೂತು ಮೂರನ್ನು ಉಗುರಿನಲ್ಲಿ ಮೆಲ್ಲಗೆ ಬಿಡಿಸಿದ. ಮನೆಯೊಳಗೆ ನಡೆಯುವುದನ್ನೇ ಬಿಟ್ಟಿದ್ದಾಳೆ ಹುಡುಗಿ. ಮೆತ್ತೆಯಿಂದ ಮೆತ್ತೆಗೆ "ಪೀ" ಎನ್ನುತ್ತಾ ಹಾರುತ್ತಾಳೆ, ನೆಲಕ್ಕೆ ಕಾಲು ತಾಗಿದರೆ "ಆರಿಹೋದೆ" ಎಂದು ಮಲಗಿಬಿಡುತ್ತಾಳೆ. ನಾನು ದಾಟಿಕೊಂಡು ಓಡಾಡಬೇಕು.

ನಿಮ್ಮಪ್ಪನ ನೆನಪಾಗದೆ ಇರುತ್ತದೆಯೇ? ಇಡೀ ದಿನ ಕಾರ್ಖಾನೆಯಲ್ಲಿ ಕೆಟಲಿ ಉಜ್ಜಿ ಹೊಳಪು ಕೊಟ್ಟು ಬಂದ ಮನುಷ್ಯ, ಭಾನುವಾರ ಮಧ್ಯಾಹ್ನ ಮತ್ತೆ ಕೆಟಲಿಯ ಮುಂದೆಯೇ ಕೂರುತ್ತಿದ್ದರು. "ಇವನ ಮೂತಿ ಸರಿಯಾಗಿ ಉಜ್ಜಿಲ್ಲ ಕಣೇ, ನಮ್ಮಲ್ಲಾಗಿದ್ರೆ ವಾಪಸ್ ಕಳಿಸ್ತಿದ್ರು" ಎಂದು ಟಿವಿಗೆ ಬೆರಳು ತೋರಿಸುತ್ತಿದ್ದರು. ಹಾರುವುದು ಕೆಟಲಿ, ಎದ್ದು ನಿಲ್ಲುವುದು ಇವರು. ಆಟದ ಎರಡನೆಯ ನಾಡಿನ ಆ ಒಂದು ಗುಂಡಿಯಲ್ಲಿ ಎಷ್ಟು ಸಲ ಬಿದ್ದರೋ. ನೀನು "ಅಪ್ಪಾ, ಓಡಿ ಬಂದು ಹಾರಬೇಕು!" ಎಂದು ಕೂಗುತ್ತಿದ್ದೆ, ಅವರು ಅಂಚಿಗೆ ಬಂದು ನಿಂತು, ಒಂದು ಸಲ ಕೆಳಗೆ ಬಗ್ಗಿ ನೋಡಿ, ಆಮೇಲೆ ಹಾರುತ್ತಿದ್ದರು. ಕಂದಕದ ಮುಂದೆ ನಿಲ್ಲದೆ ಹಾರುವುದು ಅವರ ಸ್ವಭಾವದಲ್ಲೇ ಇರಲಿಲ್ಲ.

ಯಾರ ಆಟ ಎಲ್ಲಿಗೆ ಬಂತೆಂದು ಉಳಿಸಿಡುವ ಪುಟದಲ್ಲಿ ಮೂರು ಸಾಲು. ಮೊದಲನೆಯದು ನಿನ್ನದು, ಎರಡನೆಯದು ತಮ್ಮನದು. ಮೂರನೆಯದರಲ್ಲಿ, ಮಕ್ಕಳು ಅಪ್ಪನನ್ನು ಕರೆಯುವ ಹಾಗೆ "ತೋಚಾನ್" ಎಂದು ಬರೆಯಹೋಗಿ, ನಮ್ಮ ಬರಹದಲ್ಲಿ ಅದಕ್ಕೆ ಐದು ಅಕ್ಷರ ಬೇಕಾಗಿ, ನಾಲ್ಕಕ್ಕೇ ಜಾಗವಿದ್ದದ್ದರಿಂದ ಅಪ್ಪ "ತೋಚಾ" ಆಗಿಯೇ ಉಳಿದರು. ಆಮೇಲೆ ನೀವಿಬ್ಬರೂ ಅವರನ್ನು ಹಾಗೆಯೇ ಕರೆದಿರಿ. "ಕೊನೇ ಅಕ್ಷರ ಸಾಲ ಕೊಟ್ಟಿದೀನಿ, ಆಟ ಮುಗಿಸಿದ್ ಮೇಲೆ ವಾಪಸ್ ತಗೋತೀನಿ" ಅನ್ನುತ್ತಿದ್ದರು. ಆಟದಲ್ಲಿ ಹದಿನಾಲ್ಕು ಚಹಾ ಎಲೆ ಕೂಡಿಸಿದ್ದರು, ಅಷ್ಟೇ. ನವೆಂಬರ್ ಎಂಟನೆಯ ತಾರೀಖು ಕಾರ್ಖಾನೆಯಲ್ಲಿ ಹೊಳಪು ಕೊಡುವ ಚಕ್ರದ ಮುಂದೆಯೇ ಕುಸಿದರು.

ಅವರು ಹೋದ ಮೇಲೆ ಆ ಮೂರನೆಯ ಸಾಲನ್ನು ಯಾರೂ ಮುಟ್ಟಕೂಡದು ಎಂದು ನೀನು ಕಾಗದದಲ್ಲಿ ಬರೆದು ಟಿವಿಗೆ ಅಂಟಿಸಿದ್ದೆ. ಹನ್ನೊಂದು ವರ್ಷದವಳು. ದಿನಾ ಶಾಲೆಯಿಂದ ಬಂದು ಟಿವಿ ಹಾಕಿ, ಆ ಸಾಲನ್ನು ನೋಡಿ, "ಇದೆ" ಎಂದು ಹೇಳಿ ಆರಿಸುತ್ತಿದ್ದೆ. ನಲವತ್ತೊಂಬತ್ತನೆಯ ದಿನದ ಕಾರ್ಯಕ್ಕೆ ಜನ ಬಂದ ದಿನವೇ ಅದು ಅಳಿಸಿಹೋಯಿತು. ಹಿಸಾಶಿ "ನಾನೇ" ಅಂದ. ಅಂದಿನಿಂದ ನೀನು ಅವನನ್ನು ಮನಸ್ಸಿನಿಂದ ಬಿಟ್ಟೆ ಎಂದು ನನಗೆ ಗೊತ್ತು. ಮಕ್ಕಳ ಜಗಳ, ಬೆಳೆದ ಮೇಲೆ ಹೋಗುತ್ತದೆ ಎಂದುಕೊಂಡೆ. ಆರು ವರ್ಷದ ಹಿಂದೆ ಇಪ್ಪತ್ತೇಳರ ಶ್ರಾದ್ಧದಲ್ಲಿ ಅವನ ಕೈ ತಾಗಿ ನಿಮ್ಮಪ್ಪನ ಫೋಟೊದ ಮೇಲೆ ಚಹಾ ಚೆಲ್ಲಿತಲ್ಲ, ಆಗ ಎಲ್ಲರ ಮುಂದೆ ನೀನು ಅಂದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ. "ಏಳ್ನೇ ವಯಸ್ಸಲ್ಲಿ ಅಪ್ಪನ್ನ ಅಳಿಸ್ದೆ, ಈಗ ಫೋಟೊನೂ ಬಿಡ್ಲಿಲ್ವಾ?" ಅವನು ಬಟ್ಟೆ ತಂದು ಒರೆಸಿದ. ನೀನು ಸಂಜೆಯ ರೈಲಿಗೇ ಹೊರಟೆ. ಅಲ್ಲಿಂದೀಚೆಗೆ ನಿಮ್ಮಿಬ್ಬರ ನಡುವೆ ಹೊಸ ವರ್ಷದ ಕಾರ್ಡು ಮಾತ್ರ, ಅದರಲ್ಲೂ ಅಚ್ಚು ಹಾಕಿದ ಅಕ್ಷರ.

ಅವನ ಸುದ್ದಿ ನಿನಗೆ, ನಿನ್ನ ಸುದ್ದಿ ಅವನಿಗೆ ಹೊತ್ತು ನಾನು ದಣಿದಿದ್ದೇನೆ, ಸಾನಾಯೆ. ಕಾಲುನೋವಿಗೆ ಪಟ್ಟಿ ಹಚ್ಚಿಕೊಳ್ಳಬಹುದು, ಇದಕ್ಕೆ ಏನೂ ಸಿಗುವುದಿಲ್ಲ.

ಹಿಸಾಶಿ ಈಗಲೂ ಅದೇ ಮೊದ್ದು. ಆಟದ ಪೆಟ್ಟಿಗೆ ಈಗ ಅಂಗೈಯಗಲ ಆಗಿದೆ, ಆದರೂ ನಾನು ವ್ಯಾಕ್ಯೂಮ್ ಕ್ಲೀನರ್ ತೆಗೆದರೆ ಸಾಕು, ಎಲ್ಲಿದ್ದರೂ ಎದ್ದು ಬಂದು ಅದನ್ನು ಎರಡೂ ಕೈಯಲ್ಲಿ ಎತ್ತಿ ಮಡಿಲಲ್ಲಿ ಇಟ್ಟುಕೊಂಡು ಕೂರುತ್ತಾನೆ. ಬಾಣಂತಿಯ ಹಾಗೆ. ನಾನು ಮುಗಿಸಿದ ಮೇಲೆ ಮತ್ತೆ ಅದೇ ಜಾಗದಲ್ಲಿ ಇಡುತ್ತಾನೆ.

ಇಗರಾಶಿ ಮುದುಕನ ಆಟದ ಅಂಗಡಿ ಇನ್ನೂ ಇದೆ. ಮುಂಗಡ ಕಾದಿರಿಸಲು ಈಗಲೂ ಕೈಬರಹದ ಚೀಟಿಯನ್ನೇ ಕೊಡುತ್ತಾನೆ. ಹೋದ ವಾರ ಮೂಲಂಗಿ ತರಲು ಹೋದವಳನ್ನು ಕರೆದು ನಿಲ್ಲಿಸಿದ.

"ಈ ಸಲ ನಾಲ್ಕೇ ಚೀಟಿ ಕಣಮ್ಮ. ಎಲ್ರೂ ಗಾಳೀಲೇ ಇಳಿಸ್ಕೋತಾರಂತೆ, ಡಬ್ಬಿನೇ ಬೇಡ್ವಂತೆ. ನಿಮ್ ಮಗ ಮಾತ್ರ ಮೊದಲ್ನೇ ದಿನನೇ ಬಂದ. ಆದ್ರೆ ಹೆಸ್ರು ನೋಡಿ ಏನ್ ಬರ್ದಿದಾನೆ."

ಅಂಗಡಿಯಲ್ಲಿ ಉಳಿಯುವ ಅರ್ಧ ಚೀಟಿಯನ್ನು ತೋರಿಸಿದ. ಹೆಸರಿನ ಜಾಗದಲ್ಲಿ "ತೋಚಾ" ಎಂದಿತ್ತು.

"ಇದ್ಯಾರಪ್ಪ ಅಂದೆ. ಅಪ್ಪ ಅಂದ. ಯಜಮಾನ್ರು ಹೋಗಿ ಎಷ್ಟ್ ವರ್ಷ ಆಯ್ತು ಅಂದೆ. ಅದಕ್ಕೇ ಬರ್ದೆ, ಈ ವರ್ಷ ಬಿಟ್ರೆ ಇನ್ ಯಾವಾಗ, ಅಂದ."

ಮೂಲಂಗಿ ತರುವುದನ್ನು ಮರೆತು ಮನೆಗೆ ಬಂದೆ.

ಅವನು ಹೇಳಿದ್ದು ನಿನಗೆ ಅರ್ಥವಾಗಿರುತ್ತದೆ. ಬರುವ ಎಂಟನೆಯ ತಾರೀಖು, ಅವರು ಹೋದ ವರ್ಷವನ್ನೂ ಸೇರಿಸಿ ಎಣಿಸಿದರೆ, ಮೂವತ್ತಮೂರರ ಶ್ರಾದ್ಧ, ಕೊನೆಯದು. ಅದಾದ ಮೇಲೆ ನಿಮ್ಮಪ್ಪನಿಗೆ ಬೇರೆ ದಿನವಿಲ್ಲ. ಅವರ ಹೆಸರಿನ ಹಲಗೆಯನ್ನು ತೆಗೆದು, ಮನೆಯ ಹಿರಿಯರೆಲ್ಲರ ಒಂದೇ ಹಲಗೆಯಲ್ಲಿ ಸೇರಿಸುತ್ತಾರೆ. ಗುರುವಾರ ಆಟ, ಶನಿವಾರ ಕಾರ್ಯ. ನೀನು ಶನಿವಾರ ಬೆಳಗ್ಗೆ ಬಂದು ಸಂಜೆ ಹೊರಡುವ ಯೋಚನೆಯಲ್ಲಿದ್ದೀಯ ಎಂದು ನನಗೆ ಗೊತ್ತು. ಹಾಗೆ ಮಾಡಬೇಡ. ಗುರುವಾರವೇ ಬಾ.

ಹಿಸಾಶಿ ಕರೆಯುವುದಿಲ್ಲ, ಅವನಿಗೆ ಬಾಯಿ ಬರುವುದಿಲ್ಲ. ಆದರೆ ಮೊನ್ನೆ ಊಟದ ಹೊತ್ತಿಗೆ ಆದದ್ದನ್ನು ಹಾಗೆಯೇ ಬರೆಯುತ್ತೇನೆ. ಕೊಹಾರು ಬೆರಳು ಮಡಿಸುತ್ತಿದ್ದಳು.

"ನಾಲ್ಕು ಜನ ಒಟ್ಟಿಗೆ ಆಡ್ಬೋದಂತೆ. ಅಪ್ಪ, ಅಮ್ಮ, ನಾನು. ಅಜ್ಜಿ, ನಿಂಗೆ ಬರಲ್ಲ ಅಲ್ವಾ?"

"ಬರಲ್ಲ ತಾಯಿ."

"ಹಾಗಾದ್ರೆ ನಾಲ್ಕನೇ ಕಂಟ್ರೋಲರ್ ಯಾಕ್ ತಂದೆ, ಅಪ್ಪಾ?"

ಅವನು ಸಾರಿನ ಬಟ್ಟಲಿನಿಂದ ತಲೆಯೆತ್ತಲಿಲ್ಲ. "ಫುಕುವೋಕಾ ಅತ್ತೆಗೆ. ಅವ್ಳು ನನಗಿಂತ ಚೆನ್ನಾಗಿ ಹಾರ್ತಾಳೆ."

ಬರುವಾಗ ದಪ್ಪ ಕೋಟು ತಾ. ಚಹಾದ ಜೊತೆಗೆ ಬೇಕಾದ್ದನ್ನೆಲ್ಲ ನಾನು ಮಾಡಿಡುತ್ತೇನೆ, ಗೆಡ್ಡೆಯ ಸಾರೂ ಇರುತ್ತದೆ, ನಿನ್ನ ಬಟ್ಟಲಿಗೆ ಕ್ಯಾರೆಟ್ ಹಾಕುವುದಿಲ್ಲ. ಮೈ ನೋಡಿಕೋ, ಊಟ ಬಿಟ್ಟು ಕೆಲಸ ಮಾಡಬೇಡ. ನೀನು ಎಲ್ಲಿದ್ದರೂ ಬೆಚ್ಚಗಿರು ಎಂದು ದಿನಾ ಬೆಳಗ್ಗೆ ನಿಮ್ಮಪ್ಪನ ಮುಂದೆ ಊದುಬತ್ತಿ ಹಚ್ಚಿ ಹೇಳುತ್ತೇನೆ. ಇವತ್ತೂ ಹೇಳಿದೆ.

ನಿನ್ನ ಅಮ್ಮ,
ಕಿನುಯೊ

ಇನ್ನೊಂದು ಮಾತು. ಪತ್ರ ಮುಗಿದ ಮೇಲೆ ಹೀಗೆ ಸೇರಿಸಬಾರದು, ಶ್ರಾದ್ಧದ ವಿಚಾರವಿರುವ ಪತ್ರಕ್ಕಂತೂ ಸೇರಿಸಲೇಬಾರದು, ಕೆಟ್ಟದ್ದು ಮರುಕಳಿಸುತ್ತದೆ ಅನ್ನುತ್ತಾರೆ. ಮೂವತ್ತೆರಡು ವರ್ಷದಿಂದ ಮರುಕಳಿಸುತ್ತಲೇ ಇದೆ, ಇನ್ನೇನು ಹೆದರಿಕೆ.

ಆ ಸಾಲನ್ನು ಅಳಿಸಿದವಳು ನಾನು.

ಅವತ್ತು ಹತ್ತು ಗಂಟೆಗೆ ಜನ ಬರುವವರಿದ್ದರು. ನಾನು ಅವಸರದಲ್ಲಿ ವ್ಯಾಕ್ಯೂಮ್ ಕ್ಲೀನರ್ ಎಳೆದಾಡುತ್ತಿದ್ದೆ. ಹಿಸಾಶಿ ತನ್ನ ಸಾಲಿನಲ್ಲಿ ಆಡುತ್ತಿದ್ದವನು ಆಟವನ್ನು ಹಾಗೆಯೇ ನಿಲ್ಲಿಸಿ, ನಾನು ಹೇಳಿದೆನೆಂದು ಪಕ್ಕದ ಮನೆಯಿಂದ ಕೂರುವ ಮೆತ್ತೆ ತರಲು ಹೋಗಿದ್ದ. ಕೊಳವೆ ಆಟದ ಪೆಟ್ಟಿಗೆಗೆ ಬಡಿಯಿತು. ಪರದೆಯ ಮೇಲೆ ಪಟ್ಟೆ ಪಟ್ಟೆ ಬಂತು. ಗಾಬರಿಯಾಗಿ ತಂತಿಯನ್ನೇ ಕಿತ್ತೆ. ಮತ್ತೆ ಹಾಕಿ ನೋಡಿದೆ. ಸಾನಾಯೆ ಇತ್ತು, ಹಿಸಾಶಿ ಇತ್ತು. ಮೂರನೆಯದು ಖಾಲಿ. ತಿರುಗಿ ನೋಡಿದರೆ ಅವನು ಬಾಗಿಲಲ್ಲಿ ನಿಂತಿದ್ದ, ಗಲ್ಲದವರೆಗೂ ಮೆತ್ತೆ ಹೊತ್ತುಕೊಂಡು. ಎಲ್ಲವನ್ನೂ ನೋಡಿದ್ದ.

ಊಟವಾದ ಮೇಲೆ ನೀನು ಟಿವಿ ಹಾಕಿ ಕಿರುಚಿದೆ. ಬೆಳಗ್ಗೆ ಆಡಿದವನು ಅವನೇ ಎಂದು ಅವನ ಕಡೆ ತಿರುಗಿದೆ. ನಾನು ಹೇಳಬೇಕೆಂದು ಬಾಯಿ ತೆರೆದೆ. ನಿನ್ನ ಮುಖ ನೋಡಿದೆ. ಅಪ್ಪನೂ ಇಲ್ಲದ ಮನೆಯಲ್ಲಿ ಈ ಮಗು ನನ್ನನ್ನೂ ಬಿಟ್ಟುಬಿಟ್ಟರೆ ಎಂದು ಹೆದರಿದೆ. ಅವನು ಒಂದು ಸಲ ನನ್ನನ್ನು ನೋಡಿ, "ನಾನೇ" ಅಂದ. ಅಲ್ಲಿಗೂ ನಾನು ಸುಮ್ಮನಿದ್ದಿದ್ದರೆ ಇಷ್ಟು ಬರೆಯುತ್ತಿರಲಿಲ್ಲವೇನೋ. ನಾನು ಎದ್ದು ಹೋಗಿ ಅವನ ತಲೆಯ ಮೇಲೆ ಕೈಯಿಟ್ಟು, ಹಣೆ ನೆಲಕ್ಕೆ ತಾಗುವವರೆಗೆ ಒತ್ತಿದೆ. "ಅಕ್ಕಂಗೆ ತಪ್ಪಾಯ್ತು ಅನ್ನು" ಅಂದೆ. ಅಂದ. ಆ ಕೂದಲು ಬೆವೆತಿದ್ದದ್ದು ಈ ಅಂಗೈಗೆ ಇನ್ನೂ ಗೊತ್ತಿದೆ.

ನನ್ನ ಮೇಲೆ ಎಷ್ಟು ಬೇಕಾದರೂ ಸಿಟ್ಟಾಗು, ಶನಿವಾರ ನನ್ನ ಜೊತೆ ಮಾತಾಡದೆ ಹೋಗು. ಗುರುವಾರ ಮಾತ್ರ ಬಂದು ಅವನ ಪಕ್ಕದಲ್ಲಿ ಕೂರು.

ಈ ಬೆಳಗ್ಗೆಯೂ ನಾನು ಗುಡಿಸುವಾಗ ಅವನು ಪೆಟ್ಟಿಗೆ ಎತ್ತಿಕೊಂಡು ಕೂತಿದ್ದ. "ಅದ್ಯಾಕಪ್ಪಾ ದಿನಾ ಎತ್ಕೋತೀಯ?" ಎಂದು ಕೊಹಾರು ಕೇಳಿದಳು. ನಾನು ಯಂತ್ರ ಆರಿಸಿ ನಿಂತೆ, ಈಗಲಾದರೂ ಹೇಳಲಿ ಎಂದು.

"ಅಜ್ಜಿಗೆ ಗುಡಿಸೋಕೆ ಜಾಗ ಬೇಕಲ್ಲಾ ಪುಟ್ಟಾ" ಅಂದ.